ಮಾಲೆ ತೆಗೆದ ಮೇಲೆ ಏನು, ಸಚಿವರೇ?

ಮಾನ್ಯ ಆರೋಗ್ಯ ಸಚಿವರಿಗೆ,

ನಮ್ಮ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕುಡಿತ ಬಿಡಿಸಲು ಜನ ಹೆಚ್ಚಾಗಿ ನಂಬಿರುವ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲೂ ಸಿಗುವಂಥದ್ದಲ್ಲ. ಅದು ಶುರುವಾಗುವುದು ಚಳಿಗಾಲದಲ್ಲಿ. ವರ್ಷವಿಡೀ ಕುಡಿದವನು ಅಯ್ಯಪ್ಪನ ಮಾಲೆ ಹಾಕುತ್ತಾನೆ. ನಸುಕಿಗೇ ತಣ್ಣೀರು ಸ್ನಾನ, ಕಪ್ಪು ಪಂಚೆ, ಬರಿಗಾಲು. ನಿನ್ನೆಯವರೆಗೆ ಬೈಯುತ್ತಿದ್ದ ಹೆಂಡತಿ ‘ಸ್ವಾಮಿ, ತಿಂಡಿಗೆ ಬನ್ನಿ’ ಅನ್ನುತ್ತಾಳೆ. ಬಾರಿಗೆ ಹೋಗುತ್ತಿದ್ದ ಹೊತ್ತಿಗೆ ಭಜನೆ, ಮೇಲೆ ಗುರುಸ್ವಾಮಿಯ ಕಣ್ಣು. ಒಂದು ಮಂಡಲ ಬಾಟಲಿ ಮುಟ್ಟುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಎಷ್ಟೋ ಜನ ಮತ್ತೆ ಅದೇ ಬಾರಿನಲ್ಲಿರುತ್ತಾರೆ. ರಂಜಾನಿನಲ್ಲಿ ಬಿಟ್ಟು ಹಬ್ಬ ಕಳೆದ ಮೇಲೆ ಶುರುಮಾಡುವವರೂ ಇದ್ದಾರೆ.

ಇದನ್ನು ನಾಟಕ ಎಂದು ನಗುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಜೊತೆಗೆ ನಾಲ್ಕು ಜನ, ದಿನಕ್ಕೊಂದು ಶಿಸ್ತು, ಮನೆಯಲ್ಲಿ ಒಂದಿಷ್ಟು ಮರ್ಯಾದೆ ಇದ್ದರೆ ಈ ಮನುಷ್ಯ ಕುಡಿಯದೆ ಇರಬಲ್ಲ ಎಂಬುದು ಅಲ್ಲಿ ಗೊತ್ತಾಗಿಹೋಗಿದೆ. ಮಾಲೆ ತೆಗೆದ ಮಾರನೆಯ ದಿನ ‘ಮುಂದೇನು?’ ಎಂದು ಅವನನ್ನು ಕೇಳುವವರೇ ಇಲ್ಲ.

ಆದರೆ ಎಲ್ಲರಿಗೂ ಮಾಲೆ ಆಗಿಬರುವುದಿಲ್ಲ. ಬೆಳಿಗ್ಗೆ ಎದ್ದು ಒಂದು ನೈಂಟಿ ಹಾಕದಿದ್ದರೆ ಕಾಫಿ ಲೋಟ ಹಿಡಿಯಲಾರದಷ್ಟು ಕೈ ನಡುಗುವವನು ದೇವರ ಮೇಲೆ ಆಣೆ ಇಟ್ಟು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತಾಡುವುದು ಶುರುವಾಗುತ್ತದೆ. ಮನೆಯವರು ದೆವ್ವ ಹಿಡಿಯಿತು ಎಂದುಕೊಳ್ಳುತ್ತಾರೆ. ಇಂಥವನಿಗೆ ಬೇಕಾದದ್ದು ವೈದ್ಯರ ಕಣ್ಣೆದುರು ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಹೋಗುವುದು, ಜೊತೆಗೆ ಬಿ-1 ವಿಟಮಿನ್. ಭಜನೆಯ ಸರದಿ ಆಮೇಲೆ. ಲಾಕ್‌ಡೌನಿನಿಂದಾಗಿ 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದಾಗ ಇದನ್ನು ನಿಮ್ಮ ಇಲಾಖೆಯೇ ಕಂಡಿದೆ.

ಇನ್ನು ಮಾರ್ಕೆಟ್ಟಿನ ಹಮಾಲಿಯನ್ನು ನೋಡಿ. ಬೆಳಗಿನ ಜಾವ ಮೂಟೆ ಹೊತ್ತು, ಮೈನೋವಿಗೆಂದು ಮದ್ಯದ ಟೆಟ್ರಾ ಪ್ಯಾಕ್ ಹರಿಯುವವನು. ಹಗಲಿನ ಓಪಿಡಿಯಲ್ಲಿ ಚೀಟಿ ಹಿಡಿದು ನಿಂತರೆ ಅವತ್ತಿನ ಕೂಲಿ ಹೋಯಿತು. ಒಂದು ತಿಂಗಳು ದಾಖಲಾಗು ಎಂದರೆ ಮನೆಯ ಒಲೆಯೇ ಆರಿತು. ಐದನೇ ಮೇನ್ ರೋಡಿನ ನಿವೃತ್ತ ಗುಮಾಸ್ತರಿಗೆ ಹತ್ತು ಜನರ ಮುಂದೆ ‘ನಾನು ಕುಡುಕ’ ಎಂದು ಹೇಳಿಕೊಳ್ಳುವ ಸಭೆ ಸತ್ತರೂ ಬೇಡ, ಡಾಕ್ಟರ ಬಳಿ ಒಬ್ಬರೇ ಕೂತು ಮಾತಾಡಬೇಕು. ಅದೇ ಸಭೆ ಇನ್ನೊಬ್ಬನಿಗೆ ಮರುಜನ್ಮ. ಮನೆಯೊಳಗೇ ಕುಡಿಯುವ ಹೆಂಗಸಿಗಂತೂ ಹೋಗಲು ಜಾಗವೇ ಇಲ್ಲ.

ದಾರಿಗಳಿಲ್ಲವೆಂದು ದೂರುತ್ತಿಲ್ಲ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಕೂಗಳತೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ನಡೆಯುತ್ತವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ಆಗಿವೆ. ಶಿಬಿರ ಮುಗಿದ ಮೇಲೂ ಕೈಬಿಡದೆ ನವಜೀವನ ಸಮಿತಿ ಕಟ್ಟಿಕೊಡುವ ಅವರ ಕ್ರಮವನ್ನು ಸರ್ಕಾರ ಗಮನಿಸಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಯಾರಿಗೆ ಯಾವುದು ಹೊಂದುತ್ತದೆ ಎಂದು ಕೂತು ಕೇಳುವ ಒಬ್ಬ ಮನುಷ್ಯ ಮಾತ್ರ ಎಲ್ಲೂ ಇಲ್ಲ.

ಹಾಗಾಗಿ ಮನೆಯವರು ಮೊದಲು ಕಿವಿಗೆ ಬಿದ್ದದ್ದನ್ನೇ ಹಿಡಿಯುತ್ತಾರೆ. ಕೆಲವರು ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಗುಟ್ಟಾಗಿ ಸಾರಿಗೆ ಬೆರೆಸುತ್ತಾರೆ. ಗೊತ್ತಿಲ್ಲದೆ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಕೆಲವರು ಒಡವೆ ಅಡವಿಟ್ಟು, ಬೀಗ ಜಡಿದು ಹೊಡೆಯುವ ‘ಸೆಂಟರ್’ಗೆ ಸೇರಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಯನ್ನೂ ಕಾಯಿಲೆಯೆಂದೇ ಎಣಿಸುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ, ಚಿಕಿತ್ಸಾ ಸಂಸ್ಥೆಗಳಿಗೆ ನೋಂದಣಿ ಕಡ್ಡಾಯ ಮಾಡುತ್ತದೆ. ಅದನ್ನು ಜಾರಿಗೆ ತರುವ ಹೊಣೆ ನಿಮ್ಮದು. ಇಷ್ಟೆಲ್ಲ ಆಗಿಯೂ ಅವನು ಮತ್ತೆ ಕುಡಿದರೆ ‘ಇವನು ಉದ್ಧಾರ ಆಗೋನಲ್ಲ’ ಎಂಬ ತೀರ್ಪು. ಹೊಂದದ ಚಿಕಿತ್ಸೆಯ ತಪ್ಪನ್ನು ರೋಗಿಯ ತಲೆಗೆ ಕಟ್ಟುವುದು ಬಿ.ಪಿ., ಸಕ್ಕರೆ ಕಾಯಿಲೆಯಲ್ಲಿ ಇಲ್ಲ. ಅಲ್ಲಿ ಮಾತ್ರೆ ಬದಲಿಸುತ್ತಾರೆ.

ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ನಮ್ಮ ರಾಜ್ಯ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಆ ದುಡ್ಡಿನ ಒಂದು ಸಣ್ಣ ಪಾಲು ಕೊಟ್ಟವರ ಕಡೆಗೇ ವಾಪಸ್ ಬರಲಿ.

ಚಾಮರಾಜಪೇಟೆ ಕ್ಷೇತ್ರದಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ವಾರಕ್ಕೆರಡು ಸಂಜೆ ವ್ಯಸನ ಚಿಕಿತ್ಸೆಗೆ ಮೀಸಲಿಡಿ. ಕನ್ನಡ, ಉರ್ದು, ತಮಿಳು ಬಲ್ಲ ಒಬ್ಬ ಆಪ್ತಸಮಾಲೋಚಕರನ್ನು ಕೂರಿಸಿ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆ ಅಲ್ಲೇ ಉಚಿತವಾಗಿ ಸಿಗಲಿ. ಲಿವರ್ ಕೆಟ್ಟವನಿಗೆ ಪೂರ್ತಿ ಬಿಡದೆ ಗತಿಯಿಲ್ಲ, ನಿಜ. ಆದರೆ ದಿನಾ ಕುಡಿಯುತ್ತಿದ್ದವನು ವಾರಕ್ಕೊಂದು ದಿನಕ್ಕೆ ಇಳಿದರೂ ಅದನ್ನು ಪ್ರಗತಿಯೆಂದು ಬರೆದುಕೊಳ್ಳಿ. ಐದನೇ ಸಲ ಬಂದವನಿಗೂ ಮೊದಲ ಸಲದ ಮರ್ಯಾದೆಯೇ ಸಿಗಬೇಕೆಂದು ಲಿಖಿತ ಆದೇಶ ಹೊರಡಿಸಿ.

ಇಂತಿ,
ಚಾಮರಾಜಪೇಟೆಯ ಒಬ್ಬ ನಿವಾಸಿ