ಸ್ವೆಟರ್ ಶಾಖ ಹುಟ್ಟಿಸುತ್ತದೆಯೇ? ಬಳ್ಳಾರಿಯ ಕೂಸಿಗೆ ಹೆಣೆಯುವ ಮುನ್ನ ತಿಳಿಯಬೇಕಾದ್ದು

ಚಳಿಗಾಲ ಶುರುವಾದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ಮುಂಭಾಗ ತೆರೆದಿರುವ ಸ್ವೆಟರ್, ಅಂದರೆ ಕಾರ್ಡಿಗನ್, ಹೆಣೆಯುವ ವಿಡಿಯೊ. ಇನ್ನೊಂದು, ‘ಉಣ್ಣೆ ಮೈಗೆ ಶಾಖ ಕೊಡುತ್ತದೆ, ಹುಟ್ಟಿದ ಕೂಸಿಗೆ ಮೂರು ತಿಂಗಳು ಸ್ವೆಟರ್, ಕುಲಾವಿ ತೆಗೆಯಲೇಬೇಡಿ’ ಎಂಬ ಉಪದೇಶ. ಮೊದಲನೆಯದನ್ನು ಧಾರಾಳವಾಗಿ ಹಂಚಿ. ಎರಡನೆಯದನ್ನು, ಅದರಲ್ಲೂ ಬಳ್ಳಾರಿ ಸೀಮೆಯವರು, ಹಂಚುವ ಮುನ್ನ ಸ್ವಲ್ಪ ತಡೆಯಬೇಕು.

ಸ್ವೆಟರ್ ಒಲೆಯಲ್ಲ. ಶಾಖ ಹುಟ್ಟುವುದು ನಮ್ಮ ಮೈಯಲ್ಲಿ. ಸ್ವೆಟರ್ ಮಾಡುವುದು ಆ ಶಾಖ ಬೇಗ ಹೊರಹೋಗದಂತೆ ತಡೆಯುವ ಕೆಲಸ. ಆ ತಡೆಯಲ್ಲೂ ದೊಡ್ಡ ಪಾಲು ದಾರದ್ದಲ್ಲ, ದಾರದ ನಡುವೆ ಸಿಕ್ಕಿಬಿದ್ದ ಗಾಳಿಯದು. ಅಲುಗಾಡದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ನೀರು ಅದಕ್ಕಿಂತ ಸುಮಾರು 25 ಪಟ್ಟು ವೇಗವಾಗಿ ದಾಟಿಸುತ್ತದೆ. ಬೆವರಿನಿಂದ ತೊಯ್ದ ಬಟ್ಟೆಯಲ್ಲಿ ಚಳಿ ಹೊಡೆಯುವುದು ಇದಕ್ಕೇ. ‘ಉಣ್ಣೆ ಶಾಖ ಕೊಡುತ್ತದೆ’ ಎಂಬ ಮಾತಿನಲ್ಲಿ ಒಂದು ಸಣ್ಣ ನಿಜವೂ ಇದೆ: ಒಣಗಿದ ಅಸಲಿ ಉಣ್ಣೆ ಗಾಳಿಯ ತೇವ ಹೀರುವಾಗ ಸ್ವಲ್ಪ ಶಾಖ ಬಿಡುತ್ತದೆ. ಆದರೆ ತೇವ ಹೀರಿ ಮುಗಿದ ಮೇಲೆ ಅದೂ ನಿಲ್ಲುತ್ತದೆ.

ಗಾಳಿಯೇ ಮುಖ್ಯ ಅಂದಮೇಲೆ ಹೆಣಿಗೆಯ ಉಬ್ಬುತಗ್ಗಿಗೂ ಬೆಲೆ ಬಂತು. ನಯವಾದ ಹೆಣಿಗೆಗಿಂತ ಗೀರುಗೀರಾಗಿ, ಗಂಟುಗಂಟಾಗಿ ಕಾಣುವ ಹೆಣಿಗೆ ದಪ್ಪ. ಅದರ ಹಳ್ಳಗಳಲ್ಲಿ ಹೆಚ್ಚು ಗಾಳಿ ನಿಲ್ಲುತ್ತದೆ. ಉಬ್ಬುತಗ್ಗಿಗೆ ಇನ್ನೊಂದು ಕೆಲಸವೂ ಇದೆ, ಅದು ತೆರೆದ ಅಂಚಿಗೆ ಸಂಬಂಧಿಸಿದ್ದು. ಒಂದು ಸಾಲು ಸೀದಾ, ಮರಳುವಾಗ ಉಲ್ಟಾ ಹಾಕುತ್ತಾ ಹೋದರೆ ಬಟ್ಟೆಯ ಎರಡು ಪಕ್ಕಗಳೂ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ಹೊಸಬರು ಇದನ್ನು ಕೈತಪ್ಪು ಎಂದುಕೊಳ್ಳುತ್ತಾರೆ. ತಪ್ಪಲ್ಲ. ಕುಣಿಕೆಯಾಗಿ ಬಗ್ಗಿದ ದಾರ ಮತ್ತೆ ನೆಟ್ಟಗಾಗಲು ಎಳೆಯುತ್ತದೆ. ಕುಣಿಕೆಗಳೆಲ್ಲ ಒಂದೇ ಮಗ್ಗುಲಿಗೆ ಮುಖ ಮಾಡಿದ್ದರೆ ಆ ಎಳೆತವೆಲ್ಲ ಒಂದೇ ಕಡೆ ಕೂಡಿಕೊಳ್ಳುತ್ತದೆ. ಒಂದು ಸೀದಾ, ಒಂದು ಉಲ್ಟಾ ಹಾಕಿ, ಮುಂದಿನ ಸಾಲಿನಲ್ಲಿ ಅದನ್ನು ಅದಲುಬದಲು ಮಾಡಿದರೆ ಅಕ್ಕಿಕಾಳು ಚೆಲ್ಲಿದಂಥ ವಿನ್ಯಾಸ ಬರುತ್ತದೆ. ಇಲ್ಲಿ ಎರಡು ಮಗ್ಗುಲ ಎಳೆತ ಒಂದನ್ನೊಂದು ಸರಿದೂಗಿಸಿ ಬಟ್ಟೆ ಮಟ್ಟಸವಾಗಿ ಕೂರುತ್ತದೆ. ಗುಂಡಿಯಿಲ್ಲದ ಕಾರ್ಡಿಗನ್ನಿನ ಎರಡೂ ಅಂಚಿಗೆ ಐದಾರು ಕುಣಿಕೆಗಳಷ್ಟು ಹೀಗೆ ಹೆಣೆಯುವುದು ಬರೀ ಅಂದಕ್ಕಲ್ಲ. ‘ಇಸ್ತ್ರಿ ಹಾಕಿದರೆ ಸುರುಳಿ ಹೋಗುತ್ತದೆ’ ಎಂಬ ಸಲಹೆಯನ್ನು ಅಕ್ರಿಲಿಕ್ ದಾರದ ಮೇಲೆ ಪ್ರಯೋಗಿಸಬೇಡಿ. ದಾರದ ಜೀವವೇ ಹೋಗಿ ಬಟ್ಟೆ ಜೋಲುಬೀಳುತ್ತದೆ, ಬಿಸಿ ಹೆಚ್ಚಾದರೆ ಕರಗುತ್ತದೆ.

ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ‘ಇಡೀ ಸ್ವೆಟರ್ ಹೆಣೆದು ನಡುವೆ ಕತ್ತರಿಸಿಬಿಟ್ಟರಾಯಿತಲ್ಲ’ ಎಂದು ಯಾರಾದರೂ ಕೇಳಬಹುದು. ಜೀನ್ಸ್ ನೇಯ್ದ ಬಟ್ಟೆ, ಉದ್ದ ಅಡ್ಡ ಎಳೆಗಳು ಹೆಣೆದುಕೊಂಡಿರುತ್ತವೆ. ಕೈಹೆಣಿಗೆ ಒಂದೇ ದಾರದ ಕುಣಿಕೆಗಳ ಸರಪಳಿ. ಅಂಚನ್ನು ಭದ್ರ ಮಾಡದೆ ಕತ್ತರಿಸಿದರೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಮುಂಭಾಗವನ್ನು ಮೊದಲಿನಿಂದಲೇ ತೆರೆದಿಟ್ಟು ಹೆಣೆಯುವುದು ಸಲೀಸು.

ಈಗ ಹವಾಮಾನಕ್ಕೆ ಬರೋಣ. ಬಳ್ಳಾರಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ತಾಪಮಾನ 15ರಿಂದ 18 ಡಿಗ್ರಿಯ ಆಸುಪಾಸಿಗೆ ಇಳಿದರೂ ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಏಪ್ರಿಲ್, ಮೇನಲ್ಲಿ 40 ದಾಟುವುದು ಹೊಸದೇನಲ್ಲ. ಸಿರುಗುಪ್ಪದ ಗದ್ದೆ ಬಯಲಿನಲ್ಲಿ ಮುಂಜಾನೆ ಮೈ ನಡುಗಿಸಿದರೆ, ಕುರುಗೋಡಿನ ಬಂಡೆಗುಡ್ಡಗಳ ಪಕ್ಕದ ಮನೆಗೆ ಬೇಸಗೆಯಲ್ಲಿ ಕತ್ತಲಾದ ಮೇಲೂ ಕಲ್ಲಿನ ಕಾವು ಬಡಿಯುತ್ತದೆ. ಇಂಥ ಸೀಮೆಗೆ ತಲೆಯಿಂದ ಎಳೆದು ತೊಡಿಸುವ ಸ್ವೆಟರ್‌ಗಿಂತ ಮುಂದೆ ತೆರೆದದ್ದೇ ಮೇಲು. ಮಲಗಿದ್ದ ಹಾಗೇ ಕೂಸಿನ ತೋಳು ತೂರಿಸಬಹುದು. ಬಿಸಿಲೇರಿದಾಗ ಅಳಿಸದೆ ತೆಗೆಯಬಹುದು.

ತೆಗೆಯುವುದೇ ಇಲ್ಲಿ ಮುಖ್ಯ. ಹಸುಗೂಸಿನ ಬೆವರುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ಮೈಗೆ ಹೋಲಿಸಿದರೆ ತಲೆ ದೊಡ್ಡದಾದ್ದರಿಂದ ಹೆಚ್ಚಾದ ಶಾಖ ಹೊರಹೋಗಲು ಅದೂ ಒಂದು ದಾರಿ. ಅದನ್ನು ಕುಲಾವಿಯಿಂದ ಮುಚ್ಚಿ, ಕಿಟಕಿ ಹಾಕಿದ ಬಾಣಂತಿ ಕೋಣೆಯಲ್ಲಿ ಮಲಗಿಸಿದರೆ ಕೂಸು ಕಾವೇರುತ್ತದೆ. ಅತಿಯಾಗಿ ಕಾವೇರುವುದು, ನಿದ್ದೆಯಲ್ಲೇ ಶಿಶುಗಳು ಹಠಾತ್ತಾಗಿ ಸಾಯುವ ಪ್ರಕರಣಗಳ ಅಪಾಯ ಹೆಚ್ಚಿಸುವ ಕಾರಣಗಳಲ್ಲಿ ಒಂದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಕೊಟ್ಟ ಸಲಹೆ ಹೀಗಿದೆ: ದೊಡ್ಡವರು ತೊಟ್ಟಿದ್ದಕ್ಕಿಂತ ಒಂದು ಪದರ ಹೆಚ್ಚು, ಅದಕ್ಕೂ ಮೀರಿ ಬೇಡ; ಹುಟ್ಟಿದ ಮೊದಲ ಕೆಲವು ಗಂಟೆ ಮತ್ತು ತೀವ್ರ ನಿಗಾ ಘಟಕವನ್ನು ಬಿಟ್ಟರೆ ಮನೆಯೊಳಗೆ ಟೋಪಿಯೂ ಬೇಡ.

ಹಾಗಂತ ಅಜ್ಜಿಯ ಎಚ್ಚರಿಕೆ ಸುಳ್ಳು ಎನ್ನಲಾಗದು. ಹುಟ್ಟಿದಾಗ ತೂಕ ಕಡಿಮೆಯಿದ್ದ ಕೂಸು, ದಿನ ತುಂಬುವ ಮೊದಲೇ ಹುಟ್ಟಿದ ಕೂಸು ನಿಜಕ್ಕೂ ಬೇಗ ತಣ್ಣಗಾಗುತ್ತದೆ. ಅದಕ್ಕೆ ಸ್ವೆಟರ್‌ಗಿಂತ ತಾಯಿಯ ಬರಿ ಎದೆಗೆ ಒರಗಿಸಿಡುವ ಕಾಂಗರೂ ಆರೈಕೆ ಮುಖ್ಯ. ಅಂಥ ಕೂಸಿನ ಟೋಪಿ, ಕಾಲುಚೀಲಗಳ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ. ಉಳಿದವರು ಅಂಗೈ ಅಂಗಾಲು ಮುಟ್ಟಿ ‘ಚಳಿಯಾಗಿದೆ’ ಎಂದು ತೀರ್ಮಾನಿಸಬಾರದು, ಅವು ತಣ್ಣಗಿರುವುದು ಸಾಮಾನ್ಯ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬಿಸಿ, ಬೆವರು ಇದ್ದರೆ ಒಂದು ಪದರ ಕಳಚಿ. ಥರ್ಮಾಮೀಟರ್‌ನಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿಯಾದ ಮಟ್ಟ. ಬಟ್ಟೆ ಕಳಚಿದ ಮೇಲೂ 38 ಮುಟ್ಟಿದರೆ, ಅಥವಾ ಕೂಸು ಹಾಲು ಕುಡಿಯದೆ ಮಂಕಾದರೆ, ಕಾಯದೆ ಆಸ್ಪತ್ರೆಗೆ ಹೋಗಬೇಕು.

ದಾರ ಯಾವುದಿರಬೇಕು? ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವ ಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ಕಿನ ಜಾತಿ. ನಮ್ಮ ಬಳ್ಳಾರಿ ತಳಿ, ಡೆಕ್ಕನಿ ತಳಿಯ ಕುರಿಗಳ ಉಣ್ಣೆ ಅಸಲಿ, ಕಂಬಳಿಗೆ ಹೇಳಿ ಮಾಡಿಸಿದ್ದು, ಆದರೆ ಒರಟು. ಸುಮಾರು 30 ಮೈಕ್ರಾನ್‌ಗಿಂತ ದಪ್ಪದ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ. ‘ಉಣ್ಣೆ ಅಲರ್ಜಿ’ ಎಂದು ಕರೆಯುವುದು ಬಹುಪಾಲು ಈ ಚುಚ್ಚುವಿಕೆಯೇ, ಅಲರ್ಜಿಯಲ್ಲ. ಬಳ್ಳಾರಿಯ ಕೂಸಿಗೆ ನಮ್ಮ ಆಯ್ಕೆ ಹತ್ತಿಯ ದಾರ. ಕತ್ತಿಗೆ ರಿಬ್ಬನ್, ಎದೆಗೆ ಗುಂಡಿ ಬೇಡ. ಒಂದು ಬಿಗಿದೀತು, ಇನ್ನೊಂದು ಕಿತ್ತು ಗಂಟಲಿಗೆ ಹೋದೀತು. ತೂತುತೂತಿನ ವಿನ್ಯಾಸದಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಕಾಲುಚೀಲದೊಳಗಿನ ಸಡಿಲ ಎಳೆ ಕಾಲ್ಬೆರಳಿಗೆ ಸುತ್ತಿ ರಕ್ತ ಓಡಾಟವನ್ನೇ ನಿಲ್ಲಿಸಬಹುದು. ಕೂಸು ಕಾರಣವಿಲ್ಲದೆ ಒಂದೇ ಸಮನೆ ಅಳುತ್ತಿದ್ದರೆ ಬೆರಳುಗಳನ್ನೂ ಒಮ್ಮೆ ನೋಡಿ.

ಕೂಸಿಗೆ ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಹಿಡಿಯುವ ರೂಢಿ ಈ ಕಡೆ ಇದೆ. ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂಬುದು ಒಂದು ಮಾತು. ಅಕ್ರಿಲಿಕ್ ಸ್ವೆಟರ್ ತೊಡಿಸಿ ಕೆಂಡದ ಹತ್ತಿರ ಹಿಡಿಯುವುದು ಅದಕ್ಕಿಂತ ದೊಡ್ಡ ಅಪಾಯ: ಕಿಡಿ ತಾಗಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಮನೆಯಲ್ಲಿರುವ ದಾರ ಯಾವುದೆಂದು ತಿಳಿಯಲು ಒಂದು ಗೇಣು ತುಂಡನ್ನು ಇಕ್ಕಳದಲ್ಲಿ ಹಿಡಿದು, ಬಚ್ಚಲಿನಲ್ಲಿ ನೀರು ಪಕ್ಕಕ್ಕಿಟ್ಟುಕೊಂಡು ಕಡ್ಡಿ ಗೀರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಉರಿ ತಾನಾಗಿ ಆರುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಕಪ್ಪು ಮಣಿಯಾಗಿ ಉಳಿಯುತ್ತದೆ.