ಲೆಕ್ಕಕ್ಕೆ ಬಾರದವರ ಲೆಕ್ಕ

ಕಾರ್ಯಾಂತರದಿಂದ ನಾವು ಈಚೆಗೆ ಸೇಡಮಿಗೆ ಹೋಗಿದ್ದಾಗ, ಇಳಿದುಕೊಂಡಿದ್ದ ಮನೆಯ ಗೃಹಿಣಿಯು ನಮ್ಮೆದುರಿಗೆ ಒಂದು ಪ್ರಶ್ನೆಯನ್ನಿಟ್ಟರು. “ನಮ್ಮ ಹುಡುಗಿ ದವಾಖಾನಿ ಇಲಾಖೆದಾಗ ಕೆಲಸಕ್ಕ ಹತ್ಯಾಳ್ರೀ. ಆದರ ಸೂಜಿ ಮಾಡಂಗಿಲ್ಲ, ಗುಳಿಗಿ ಕೊಡಂಗಿಲ್ಲ, ನಾಡಿ ಹಿಡಿಯಂಗಿಲ್ಲ. ಮುಂಜಾನಿಂದ ಸಂಜಿತನಕ ಬರೇ ಲೆಕ್ಕ ನೋಡ್ತಾಳ. ಇದು ಎಂಥಾ ಕೆಲಸರೀ?” ಮಗಳು ನಕ್ಕು ಸುಮ್ಮನಾದಳು. ಅವಳ ಹುದ್ದೆಯ ಹೆಸರು ಡೇಟಾ ಅನಲಿಸ್ಟ್ ಎಂದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಂಕಿ ಅಂಶಗಳನ್ನು ಪರಿಶೋಧಿಸುವವಳು. ಆರೋಗ್ಯದ ಸೌಕರ್ಯವು ಎಲ್ಲರಿಗೂ ಸಮನಾಗಿ ಮುಟ್ಟುತ್ತಿದೆಯೇ, ಮುಟ್ಟದಿದ್ದರೆ ಯಾರನ್ನು ಮುಟ್ಟಲಿಲ್ಲ ಎಂಬುದನ್ನು ಲೆಕ್ಕದ ಮೂಲಕ ಕಂಡುಹಿಡಿಯುವುದೇ ಅವಳಿಗೊಪ್ಪಿಸಿದ ಕಾರ್ಯ. ವಾಚಕರ ಮನೆಗಳಲ್ಲಿಯೂ ಇಂತಹ ಉದ್ಯೋಗಕ್ಕೆ ಹೊರಟ ಹೆಣ್ಣುಮಕ್ಕಳಿರಬಹುದಾದುದರಿಂದ, ಆ ತಾಯಿಗೆ ನಾವು ಕೊಟ್ಟ ಉತ್ತರವನ್ನೇ ತುಸು ವಿಸ್ತರಿಸಿ ಈ ತಿಂಗಳು ಬರೆಯುತ್ತೇವೆ.

ಸೇಡಮಿನ ಸೀಮೆಗೆ ಗಣಿತವು ಪರಕೀಯ ವಿದ್ಯೆಯೇನೂ ಅಲ್ಲ. ಅದೇ ತಾಲೂಕಿನ ಮಳಖೇಡವೆಂಬ ಊರು, ಕಾಗಿಣಾ ನದಿಯ ದಡದಲ್ಲಿರುವುದು, ಒಂದಾನೊಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಷ್ಟೆ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಗಣಿತವು ಯಾವ ಯಾವ ವಿದ್ಯೆಗಳಿಗೆ ಬೇಕಾಗುವುದೆಂದು ಪೀಠಿಕೆಯಲ್ಲಿ ಎಣಿಸುವಾಗ ಅಡಿಗೆಯನ್ನೂ ವೈದ್ಯವನ್ನೂ ಆತನು ಮರೆತಿಲ್ಲ. ಇದನ್ನು ಹೇಳಿದಾಗ ಆ ಗೃಹಿಣಿಗೆ ಅರ್ಧ ಸಮಾಧಾನವಾಯಿತು. ಉಳಿದರ್ಧಕ್ಕೆ ನಾವು ಹೀಗೆಂದೆವು.

ಈ ಕೆಲಸದ ತಿರುಳೇನೆಂದರೆ, ಸರಾಸರಿಯೆಂಬ ಸಂಖ್ಯೆಯನ್ನು ಸುಲಭವಾಗಿ ನಂಬದಿರುವುದು. ಒಂದು ಊಹೆಯ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಆರೋಗ್ಯ ಕೇಂದ್ರದ ಎಲ್ಲೆಯಲ್ಲಿ ದಡಾರದ ಚುಚ್ಚುಮದ್ದಿನ ವಯಸ್ಸಿಗೆ ಬಂದ ಕೂಸುಗಳು 100; ಅವುಗಳಲ್ಲಿ 90ಕ್ಕೆ ಚುಚ್ಚುಮದ್ದು ಆಗಿದೆಯೆಂದಿಟ್ಟುಕೊಳ್ಳಿ. ನೂರಕ್ಕೆ ತೊಂಬತ್ತು ಎಂದೊಡನೆ ಮೇಲಿನವರಿಗೆ ಸಂತೋಷ. ಆದರೆ ಪಟ್ಟಿಯನ್ನು ಊರೂರಿಗೆ ಬಿಡಿಸಿ ನೋಡಿದಾಗ, ಹಳ್ಳಿಗಳ 88 ಕೂಸುಗಳಿಗೆ 88ಕ್ಕೂ ಆಗಿದೆ; ಗುಡ್ಡದಾಚೆಯ ಒಂದು ತಾಂಡಾದ 12 ಕೂಸುಗಳಲ್ಲಿ 2ಕ್ಕೆ ಮಾತ್ರ ಆಗಿದೆ. ಬಿಟ್ಟುಹೋದ ಹತ್ತೂ ಒಂದೇ ಕಡೆ! ಅವು ಹತ್ತು ಊರುಗಳಲ್ಲಿ ಚದುರಿದ್ದರೆ ಸುತ್ತಲಿನ ಮಕ್ಕಳ ರಕ್ಷಣೆಯೇ ಅವಕ್ಕೂ ಒದಗೀತು. ಒಂದೇ ತಾಂಡಾದಲ್ಲಿ ಕೂಡಿದ್ದರೆ, ದಡಾರವು ಒಂದು ಗುಡಿಸಲನ್ನು ಹೊಕ್ಕ ಮೇಲೆ ಮಿಕ್ಕವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೂಜಿಯನ್ನು ಹಿಡಿದ ದಾದಿಯು ಆ ತಾಂಡಾಕ್ಕೆ ಹೋಗಬೇಕೆಂದು ಹೇಳುವವರು ಯಾರು? ಮುಂಜಾನೆಯಿಂದ ಸಂಜೆಯ ತನಕ ಬರಿಯ ಲೆಕ್ಕವನ್ನು ನೋಡುವ ಆ ಹುಡುಗಿಯೇ.

ನಮ್ಮ ನಾಡಿನಲ್ಲಿ ಈ ವಿಚಾರ ಹೊಸದಲ್ಲ. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಕಾರ್ಯಪಡೆಯು 2001ರಲ್ಲಿ ಕರ್ನಾಟಕದ ಆರೋಗ್ಯವನ್ನು ಕುರಿತು ಒಪ್ಪಿಸಿದ ವರದಿಯ ಹೆಸರಿನಲ್ಲಿಯೇ ಸಮತೆಯು ಮೊದಲನೆಯ ಮಾತಾಗಿತ್ತು. ಮರುವರ್ಷ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಜಿಲ್ಲೆಯ ಲೆಕ್ಕಕ್ಕೆ ತೃಪ್ತಿಪಡದೆ ತಾಲೂಕು ತಾಲೂಕನ್ನೇ ತೂಗಿತು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ತಿಳಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಈ ಕಡೆಯ ಪಟ್ಟಿಯಲ್ಲಿದ್ದುವು. ಇಂದು ಆ ಹುಡುಗಿಯು ಅಂದಿನ ಅಂಕಿಗಳ ಜೊತೆಗೆ ಇಂದಿನವನ್ನು ಹೋಲಿಸಹೊರಟರೆ ಇನ್ನೊಂದು ತೊಡಕು. 2018ರ ಸುಮಾರಿಗೆ ಶಹಾಬಾದ್, ಕಾಳಗಿಗಳು ಬೇರೆ ತಾಲೂಕುಗಳಾದುವು. ಅಂದಿನ ಚಿತ್ತಾಪುರವೂ ಇಂದಿನ ಚಿತ್ತಾಪುರವೂ ಹೆಸರಿಗೆ ಮಾತ್ರ ಒಂದೇ. ಪಾಲಾದ ಮನೆಯ ಖರ್ಚನ್ನು ಕೂಡುಕುಟುಂಬದ ಖರ್ಚಿನೊಡನೆ ಹೋಲಿಸಿ ‘ಮಿತವ್ಯಯವಾಯಿತು’ ಎಂದರೆ ಯಾವ ಗೃಹಿಣಿ ಒಪ್ಪಿಯಾಳು?

ದೊಡ್ಡ ಸಮೀಕ್ಷೆಗಳೂ ತಾಲೂಕಿನ ತನಕ ಇಳಿಯುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಕಲಬುರಗಿ ಜಿಲ್ಲೆಗೂ ಬೇರೆ ಅಂಕಿ ಸಿಕ್ಕುತ್ತದೆ. ಚಿಂಚೋಳಿಗೆ ಸಿಕ್ಕುವುದಿಲ್ಲ, ಅದರ ತಾಂಡಾಗಳಿಗಂತೂ ಕೇಳಲೇಬೇಡಿ. ಬಾಣಂತಿಯರ ಮರಣವನ್ನು ನೋಡಿರಿ. ಲಕ್ಷ ಹೆರಿಗೆಗಳಿಗೆ 2017-19ರಲ್ಲಿ 83 ಇದ್ದ ರಾಜ್ಯದ ಸಂಖ್ಯೆ 2018-20ರಲ್ಲಿ 69ಕ್ಕೆ ಇಳಿಯಿತು. ಸಂತೋಷದ ಸಂಗತಿಯೇ ಸರಿ. ಆದರೆ ಇಡೀ ರಾಜ್ಯದಿಂದ ಆಯ್ದ ಮಾದರಿಯ ಮೇಲೆ ನಿಂತ ಆ ಸಂಖ್ಯೆಯು ಯಾವ ತಾಲೂಕಿನಲ್ಲಿ ಇಳಿಯಲಿಲ್ಲ ಎಂಬುದಕ್ಕೆ ಉತ್ತರ ಹೇಳಲಾರದು.

ಹಾಗಾದರೆ ಊರಿನ ದಫ್ತರಗಳಿಂದಲೇ ಲೆಕ್ಕ ಹಾಕಬಹುದಲ್ಲ ಎಂದು ಆ ಗೃಹಿಣಿ ಕೇಳಿದರು. ಹಾಕಬಹುದು, ಅಲ್ಲಿಯೇ ದೊಡ್ಡ ಮೋಸವೂ ಅಡಗಿದೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುಹಾದಿಯು ಚಿತ್ತಾಪುರ, ಸೇಡಂಗಳನ್ನು ಹಾದು ತಾಂಡೂರಿಗೆ ಹೋಗುತ್ತದೆ. ತಾಂಡೂರು ಈಗ ತೆಲಂಗಾಣ. ಚಿಂಚೋಳಿಗೆ ಆ ರೈಲೂ ಇಲ್ಲ. ಚಿಂಚೋಳಿ ಸೀಮೆಯ ತಾಂಡಾದ ಹೆಣ್ಣುಮಗಳೊಬ್ಬಳ ಸಂಗತಿಯನ್ನು ಊಹಿಸಿರಿ. ಸುಗ್ಗಿ ತೀರಿದೊಡನೆ ಗಂಡನ ಜೊತೆಗೆ ಪುಣೆಯ ಕಡೆಗೋ ಹೈದರಾಬಾದಿನ ಕಡೆಗೋ ಕೂಲಿಗೆ ಹೋದವಳು, ತುಂಬಿದ ಬಸುರಿಯಾಗಿ ತವರಿಗೆ ಬರುತ್ತಾಳೆ. ಹೆರಿಗೆ ಕಷ್ಟವಾಗಿ, ಗಾಡಿ ಮಾಡಿಕೊಂಡು ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ಯುತ್ತಾರೆ. ಕೂಸು ಉಳಿಯುವುದಿಲ್ಲ. 1969ರ ಜನನ ಮರಣಗಳ ನೋಂದಣಿ ಕಾಯಿದೆಯಂತೆ ಮರಣವು ಎಲ್ಲಿ ಸಂಭವಿಸಿತೋ ಅಲ್ಲಿಯೇ ದಾಖಲಾಗತಕ್ಕದ್ದು. ಆ ಸಾವು ಕಲಬುರಗಿಯ ಪುಸ್ತಕಕ್ಕೆ ಸೇರಿತು. ತಾಂಡೂರಿಗೆ ಒಯ್ದಿದ್ದರೆ ಬೇರೆ ರಾಜ್ಯಕ್ಕೇ ಸೇರುತ್ತಿತ್ತು. ಅವಳ ತಾಂಡಾದ ಪುಸ್ತಕದಲ್ಲಿ ಆ ವರ್ಷ ಶಿಶುಮರಣ ಸೊನ್ನೆ. ಹೀಗೆ, ಹೆರಿಗೆಯ ಅನುಕೂಲವಿಲ್ಲದ ಊರು ಕಾಗದದ ಮೇಲೆ ಎಲ್ಲಕ್ಕಿಂತ ಆರೋಗ್ಯವಂತ ಊರಾಗಿ ಕಾಣುತ್ತದೆ; ಎಲ್ಲರ ಕಷ್ಟವನ್ನೂ ಬರಮಾಡಿಕೊಂಡ ದೊಡ್ಡ ದವಾಖಾನೆಯ ಊರು ಕೆಟ್ಟದಾಗಿ ಕಾಣುತ್ತದೆ. ಈ ಲೆಕ್ಕವನ್ನು ನಂಬಿ ಮುಂದಿನ ವರ್ಷದ ಹಣವನ್ನೂ ದಾದಿಯರನ್ನೂ ಹಂಚಿದರೆ ತಾಂಡಾಕ್ಕೆ ದಕ್ಕುವುದೇನು? ನಿಪುಣಳಾದ ಅನಲಿಸ್ಟಳು ಸಾವು ನಡೆದ ಸ್ಥಳವನ್ನು ಬದಿಗಿಟ್ಟು, ಮನೆಯ ವಿಳಾಸದ ಅಂಕಣವನ್ನು ಹಿಡಿದು ಒಂದೊಂದು ಸಾವನ್ನೂ ಅದರ ಸ್ವಂತ ಊರಿಗೆ ತಿರುಗಿ ಕಳುಹಿಸುತ್ತಾಳೆ. ಬೇಸರದ ಕೆಲಸ. ಒಂದೇ ತಾಂಡಾದ ಹೆಸರನ್ನು ನಾಲ್ವರು ನಾಲ್ಕು ಬಗೆಯಾಗಿ ಬರೆದಿರುತ್ತಾರೆ. ಕೆಲವರು ಅದನ್ನೂ ಬಿಟ್ಟು ತಾಲೂಕಿನ ಹೆಸರಿಗೇ ಮುಗಿಸುತ್ತಾರೆ.

ವಾಡಿ, ಶಹಾಬಾದುಗಳ ತೊಡಕು ಬೇರೆ. ಸಿಮೆಂಟಿನ ಕಾರ್ಖಾನೆಗಳೂ ಕಲ್ಲಿನ ಗಣಿಗಳೂ ಇರುವ ಆ ಸೀಮೆಯಲ್ಲಿ ಕಾಯಂ ಕೆಲಸಗಾರನ ಕಾಯಿಲೆಯು ಒಂದು ಪುಸ್ತಕದಲ್ಲಿ, ಗುತ್ತಿಗೆಯ ಕೂಲಿಯವನದು ಇನ್ನೊಂದರಲ್ಲಿ, ಖಾಸಗಿ ವೈದ್ಯರಲ್ಲಿಗೆ ಹೋದವನದು ಯಾವುದರಲ್ಲಿಯೂ ಇಲ್ಲದಂತಾಗುವುದುಂಟು. ಶಹಾಬಾದಿ ಪರಸಿಯನ್ನು ಮನೆಗೆ ಹಾಸಿಕೊಂಡ ನಮಗೆ ಅದನ್ನು ಸೀಳಿದವನ ಕೆಮ್ಮು ಕೇಳಿಸುವುದಿಲ್ಲ. ಚೀಟಿಯಲ್ಲಿ ‘ಕೆಮ್ಮು’ ಎಂದಷ್ಟೇ ಬರೆದು ಉದ್ಯೋಗದ ಅಂಕಣವನ್ನು ಖಾಲಿ ಬಿಟ್ಟರೆ, ಲೆಕ್ಕ ನೋಡುವವಳಿಗೂ ಅದು ಕೇಳಿಸದು.

ಹೆಣ್ಣುಮಕ್ಕಳಿಗೆ ಇದು ಒಗ್ಗುವ ಕೆಲಸವೇ ಎಂದು ಸಂದೇಹಪಡುವವರಿಗೆ ಒಂದು ಮಾತು. ಫ್ಲಾರೆನ್ಸ್ ನೈಟಿಂಗೇಲಳನ್ನು ನಾವು ದೀಪ ಹಿಡಿದ ದಾದಿಯೆಂದು ಬಲ್ಲೆವು. ಕ್ರಿಮಿಯಾದ ಯುದ್ಧದಲ್ಲಿ ಗಾಯಗಳಿಂದ ಸತ್ತ ಸಿಪಾಯಿಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚೆಂದು ಆಕೆ 1858ರಲ್ಲಿ ಅಂಕಿಗಳ ಚಿತ್ರ ಬರೆದು ತೋರಿಸಿದಳು. ದೀಪಕ್ಕಿಂತ ಆ ಚಿತ್ರದಿಂದಲೇ ಹೆಚ್ಚು ಜೀವಗಳು ಉಳಿದುವೆಂದು ನಮ್ಮ ಎಣಿಕೆ.

ಮನೆಯವರಿಂದಲೂ ಆಗಬೇಕಾದ ಕೆಲವು ಉಪಕಾರಗಳಿವೆ. ಕೂಸು ಹುಟ್ಟಿದ 21 ದಿನಗಳೊಳಗೆ ಬರೆಯಿಸಿರಿ, ಅಷ್ಟರೊಳಗೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಮುಂದಿನ ವ್ಯವಹಾರಕ್ಕೂ ಆ ಪತ್ರವೇ ಆಧಾರ. ತವರಿಗೆ ಹೋಗುವ ಬಸುರಿಯ ಕೈಯಲ್ಲಿ ತಾಯಿ ಕಾರ್ಡನ್ನು ತಪ್ಪದೆ ಕೊಡಿರಿ. ವಿಳಾಸ ಕೇಳಿದಾಗ ತಾಂಡಾದ ಅಥವಾ ಓಣಿಯ ಹೆಸರನ್ನೂ ಹೇಳಿರಿ. ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದಾಗ “ಮತ್ತ ಬಂದಳು” ಎಂದು ಗೊಣಗದೆ ಒಂದು ಗಳಿಗೆ ಕುಳಿತು ಉತ್ತರ ಕೊಡಿರಿ.

ಇಷ್ಟನ್ನೂ ಕೇಳಿ ಆ ಗೃಹಿಣಿ, “ಹಂಗಾದರ ಅದೇನು ಕೇಳ್ತಾರೋ ನನಗೂ ಒಂದೀಟು ಕೇಳು ನೋಡೋಣು” ಎಂದು ರಾತ್ರಿ ಮಗಳನ್ನು ಕೂಡಿಸಿಕೊಂಡರಂತೆ. ಮರುದಿನ ನಮ್ಮನ್ನು ಸ್ಟೇಷನ್ನಿಗೆ ಕಳುಹಿಸಲು ಬಂದಾಗ ಆ ಹುಡುಗಿಯೇ ಹೇಳಿದಳು. ಹೆತ್ತ ಮಕ್ಕಳೆಷ್ಟು ಎಂದಾಗ ತಾಯಿ “ಮೂರು” ಎಂದರು. ಇಂತಹ ಸಮೀಕ್ಷೆಗಳಲ್ಲಿ ಅಷ್ಟಕ್ಕೆ ಬಿಡುವ ಪದ್ಧತಿಯಿಲ್ಲ. ಹುಟ್ಟಿ ಅತ್ತು ಆಮೇಲೆ ಹೋದ ಕೂಸು ಯಾವುದಾದರೂ ಉಂಟೇ ಎಂದು ಮತ್ತೊಮ್ಮೆ ಮೆಲ್ಲಗೆ ಕೇಳಬೇಕು. ಮಗಳು ಹಾಗೆಯೇ ಕೇಳಿದಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಇತ್ತವ್ವ. ನಿನಗಿಂತ ಮೊದಲಿಂದು, ಗಂಡು. ಮೂರು ದಿನ ಇತ್ತು. ಹೆಸರು ಇಟ್ಟಿದ್ದಿಲ್ಲ, ಎಲ್ಲೂ ಬರಸಿದ್ದಿಲ್ಲ” ಎಂದರಂತೆ. ತನಗೊಬ್ಬ ಅಣ್ಣನಿದ್ದನೆಂಬುದು ಮಗಳಿಗೆ ತಿಳಿದದ್ದು ಆಗಲೇ. ಮೂರು ಎಂದು ಬರೆದಿದ್ದುದನ್ನು ಹೊಡೆದು ನಾಲ್ಕು ಎಂದು ಬರೆದಳಂತೆ.