ಮುಖ ನೋಡಿ ಮಣೆ ಹಾಕಬೇಡಿ!

ಅಮೆರಿಕದಲ್ಲಿರೋ ಬ್ಲಾಗಿಗರೇ, ಹಿತ್ತಲಲ್ಲಿ ಕಂಡ ಯೆಲ್ಲೋಜಾಕೆಟ್ ಕಣಜದ ಫೋಟೋ ಹಾಕಿ ಕೆಳಗೆ ‘ವೆಸ್ಪುಲಾ ವಲ್ಗ್ಯಾರಿಸ್’ ಅಂತ ಬರೆಯೋದನ್ನ ದಯವಿಟ್ಟು ನಿಲ್ಲಿಸಿ. ಮುಖದ ಮೇಲೆ ಲಂಗರಿನಂಥ ಕಪ್ಪು ಗುರುತಿದ್ರೆ ವಲ್ಗ್ಯಾರಿಸ್, ಮೂರು ಚುಕ್ಕಿಯಿದ್ರೆ ಜರ್ಮಾನಿಕಾ ಅನ್ನೋದು ಯುರೋಪಿನ ಪಾಠ. (ಅಲ್ಲೂ ಚುಕ್ಕಿಗಳು ಕೂಡಿಕೊಂಡು ಯಾಮಾರಿಸ್ತವೆ, ಆ ಮಾತು ಬೇರೆ.) ನಿಮ್ಮಲ್ಲಿ ಲಂಗರು ಹೊತ್ತು ತಿರುಗೋದು ಬೇರೆಯದೇ ಪ್ರಭೇದ ಅಂತ ಕಾರ್ಪೆಂಟರ್ ಮತ್ತು ಗ್ಲೇರ್ 2010ರಲ್ಲೇ ಹೇಳಿ, ‘ಅಲಾಸ್ಕೆನ್ಸಿಸ್’ ಅನ್ನೋ ಹಳೇ ಹೆಸರನ್ನ ಅದಕ್ಕೆ ವಾಪಸ್ ಕೊಟ್ಟಿದ್ದಾರೆ.

ಹೆಸರಲ್ಲೇನಿದೆ ಅಂತೀರಾ? ನಿಮ್ಮ ಊಟದ ತಟ್ಟೆಗೇ ಮುತ್ತೋ ಜರ್ಮಾನಿಕಾನೂ, ಕಾಡಂಚಲ್ಲಿ ಜೀವಂತ ಹುಳಗಳನ್ನ ಬೇಟೆಯಾಡಿಕೊಂಡಿರೋ ಅಕೇಡಿಕಾನೂ ಒಂದೇ ಅಂದ್ಕೊಂಡು ಗೂಡಿಗೆ ವಿಷ ಹೊಡೀತೀರಲ್ಲ ಸ್ವಾಮೀ! ಹೊಟ್ಟೆ ಮೇಲಿನ ಪಟ್ಟೆಯ ಫೋಟೋನೂ ಹಾಕಿ, ಗೂಡು ಎಲ್ಲಿತ್ತು, ಯಾವ ಊರು ಅಂತಾನೂ ಬರೀರಿ. ಗೊತ್ತಾಗ್ಲಿಲ್ವಾ, ಬರೀ ‘ವೆಸ್ಪುಲಾ’ ಅಂತ ಬರೆದು ಸುಮ್ಮನಾಗಿ. ಮಾನ ಏನೂ ಹೋಗಲ್ಲ.